ದಾನಿಗಳು ಹೋದರು, ದಾನ ಉಳಿಯಿತು: ಸಸೂನ್ ಮನೆತನ ಮತ್ತು ಯಹೂದಿ ಸಂಸ್ಥೆಗಳು

ಸತ್ತೂರ (ಧಾರವಾಡ): ಒಂದು ಮನೆತನದ ದಾನಧರ್ಮವು ಸಂಸ್ಥೆಯ ರೂಪ ತಾಳಿದರೆ ಹೇಗಿರುತ್ತದೆ ಎಂಬುದನ್ನು ಹುಬ್ಬಳ್ಳಿ-ಧಾರವಾಡದ ಜನತೆಗೆ ವಿವರಿಸಿ ಹೇಳಬೇಕಾಗಿಲ್ಲ. ಅವಳಿ ನಗರಗಳ ನಡುವಣ ಸತ್ತೂರಿನಲ್ಲಿ 1986ರಲ್ಲಿ ದಂತ ವೈದ್ಯಕೀಯ ಕಾಲೇಜು, 2003ರಲ್ಲಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ತಲೆಯೆತ್ತಿದವು. ಇವುಗಳ ಹಿಂದಿರುವುದು ಧರ್ಮಸ್ಥಳದ ಹೆಗ್ಗಡೆ ಮನೆತನ. ಸಂಖ್ಯೆಯಲ್ಲಿ ಚಿಕ್ಕದಾದ ಜೈನ ಸಮುದಾಯಕ್ಕೆ ಸೇರಿದ ಮನೆತನವೊಂದು ಶಿವ ಕ್ಷೇತ್ರದ ಆಡಳಿತ ನಡೆಸುತ್ತ, ಎಲ್ಲ ಜಾತಿ ಧರ್ಮದವರಿಗೂ ತೆರೆದ ಸಂಸ್ಥೆಗಳನ್ನು ಕಟ್ಟಿದ ಬಗೆ ನಾಡಿಗೆ ಪರಿಚಿತ.

ಇದಕ್ಕೂ ಒಂದು ಶತಮಾನಕ್ಕಿಂತ ಹಿಂದೆ, ಧಾರವಾಡ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಮತ್ತೊಂದು ಪುಟ್ಟ ಸಮುದಾಯದ ಸಿರಿವಂತ ಮನೆತನ ಇದೇ ದಾರಿಯಲ್ಲಿ ನಡೆದಿತ್ತು. ಅದು ಬಾಗ್ದಾದಿನಿಂದ ಬಂದ ಯಹೂದಿಗಳ ಸಸೂನ್ ಮನೆತನ. ಇಂದು ಆ ಮನೆತನ ಭಾರತದಲ್ಲಿಲ್ಲ. ಅದು ಯಾವ ಸಮುದಾಯಕ್ಕಾಗಿ ಪ್ರಾರ್ಥನಾ ಮಂದಿರಗಳನ್ನು ಕಟ್ಟಿತೋ ಆ ಸಮುದಾಯವೂ ಬಹುತೇಕ ವಲಸೆ ಹೋಗಿದೆ. ಆದರೂ ಕಟ್ಟಡಗಳು ನಿಂತಿವೆ, ಶಾಲೆಗಳು ನಡೆಯುತ್ತಿವೆ, ಆಸ್ಪತ್ರೆಯಲ್ಲಿ ರೋಗಿಗಳು ಸಾಲುಗಟ್ಟುತ್ತಾರೆ. ಕೊಟ್ಟವರೂ ಪಡೆದವರೂ ಹೋದ ಮೇಲೆ ದಾನ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಈ ಇತಿಹಾಸದಲ್ಲಿ ಉತ್ತರವಿದೆ.

ಮೈಸೂರಿನ ಸೆರೆಯಿಂದ ಮುಂಬಯಿಯ ಮಂದಿರಕ್ಕೆ

ಪಶ್ಚಿಮ ಭಾರತದ ಯಹೂದಿಗಳಲ್ಲಿ ಮುಖ್ಯವಾಗಿ ಎರಡು ಪಂಗಡಗಳಿವೆ. ಶತಮಾನಗಳಿಂದ ಕೊಂಕಣ ತೀರದಲ್ಲಿ ನೆಲೆಸಿ ಮರಾಠಿಯನ್ನು ಮನೆಮಾತಾಗಿಸಿಕೊಂಡವರು ಬೆನೆ ಇಸ್ರೇಲಿಗಳು. ಗಾಣದ ಕಸುಬು ಮಾಡುತ್ತಿದ್ದ ಇವರು ಶನಿವಾರ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ 'ಶನಿವಾರ ತೇಲಿ'ಗಳೆಂದು ಕರೆಸಿಕೊಂಡಿದ್ದರು. ಹದಿನೆಂಟನೆಯ ಶತಮಾನದ ಕೊನೆಯಿಂದೀಚೆಗೆ ಬಾಗ್ದಾದ್, ಬಸ್ರಾ, ಅಲೆಪ್ಪೊ ಕಡೆಯಿಂದ ವ್ಯಾಪಾರಕ್ಕೆಂದು ಬಂದವರು ಬಾಗ್ದಾದಿ ಯಹೂದಿಗಳು.

ಮುಂಬಯಿಯ ಮೊದಲ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಕಟ್ಟಿಸಿದವರು ಸಸೂನರಲ್ಲ. ಆ ಕೀರ್ತಿ ಬೆನೆ ಇಸ್ರೇಲಿ ಸೇನಾಧಿಕಾರಿ ಸ್ಯಾಮ್ಯುಯಲ್ ಎಜೆಕಿಯಲ್ ದಿವೇಕರ್ ಅವರಿಗೆ ಸಲ್ಲುತ್ತದೆ. ಈ ಕಥೆಗೆ ಕರ್ನಾಟಕದ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ದಿವೇಕರ್ ಆಂಗ್ಲೋ-ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದರು. ಕೈದಿಯು ಬೆನೆ ಇಸ್ರೇಲಿ ಎಂದು ತಿಳಿದಾಗ ಟಿಪ್ಪುವಿನ ತಾಯಿ ಜೀವದಾನಕ್ಕೆ ಮನವಿ ಮಾಡಿದರೆಂಬುದು ಆ ಸಮುದಾಯದಲ್ಲಿ ಉಳಿದುಬಂದಿರುವ ಐತಿಹ್ಯ. ಬಿಡುಗಡೆಯಾಗಿ ಮುಂಬಯಿಗೆ ಮರಳಿದ ದಿವೇಕರ್ 1796ರಲ್ಲಿ ಮಾಂಡ್ವಿ ಪ್ರದೇಶದಲ್ಲಿ ಸಿನಗಾಗ್ ಕಟ್ಟಿಸಿದರು. ಅದಕ್ಕೆ ಕರುಣೆಯ ಬಾಗಿಲು ಎಂಬ ಅರ್ಥದ 'ಶಾರ್ ಹರಹಮೀಮ್' ಎಂಬ ಹೆಸರಿದೆ. ಅದು ಇರುವ ಬೀದಿಗೆ ಸ್ಯಾಮ್ಯುಯಲ್ ಸ್ಟ್ರೀಟ್ ಎಂಬ ಹೆಸರು ಬಂದದ್ದು ಅವರಿಂದಲೇ.

ಬಾಗ್ದಾದಿನಿಂದ ಬಂದ ವರ್ತಕ

ಡೇವಿಡ್ ಸಸೂನ್ ಹುಟ್ಟಿದ್ದು 1792ರಲ್ಲಿ ಬಾಗ್ದಾದಿನಲ್ಲಿ. ಅವರ ತಂದೆ ಅಲ್ಲಿನ ಪಾಷಾನ ಆಸ್ಥಾನದಲ್ಲಿ ಖಜಾಂಚಿಯಾಗಿದ್ದರು. ಆಡಳಿತಗಾರನ ಕಿರುಕುಳ ಹೆಚ್ಚಿದಾಗ ಊರು ತೊರೆದ ಡೇವಿಡ್, ಪರ್ಷಿಯಾದ ಬುಶೈರ್ ಬಂದರಿನ ಮೂಲಕ 1832ರ ಸುಮಾರಿಗೆ ಕುಟುಂಬ ಸಮೇತ ಮುಂಬಯಿ ಸೇರಿದರು. ಹತ್ತಿ, ಬಟ್ಟೆ ಮತ್ತು ಅಫೀಮಿನ ವ್ಯಾಪಾರದಲ್ಲಿ ಕೆಲವೇ ದಶಕಗಳಲ್ಲಿ ಅಪಾರ ಸಂಪತ್ತು ಕೂಡಿಬಂದಿತು. ಮಕ್ಕಳನ್ನು ಚೀನಾದ ಬಂದರುಗಳಿಗೂ ಲಂಡನ್ನಿಗೂ ಕಳಿಸಿ ವ್ಯಾಪಾರದ ಜಾಲವನ್ನು ವಿಸ್ತರಿಸಲಾಯಿತು. ಆ ಸಂಪತ್ತಿನಲ್ಲಿ ಚೀನಾಕ್ಕೆ ಸಾಗಿದ ಅಫೀಮಿನ ಪಾಲು ದೊಡ್ಡದಿತ್ತು. ಸಸೂನರ ದಾನದ ಬಗ್ಗೆ ಬರೆಯುವಾಗ ಈ ಮಾತನ್ನು ಬಿಟ್ಟು ಬರೆಯುವಂತಿಲ್ಲ.

ಯಹೂದಿ ಧರ್ಮದಲ್ಲಿ ದಾನಕ್ಕೆ 'ತ್ಸೆದಾಕಾ' ಎಂಬ ಪದವಿದೆ. ಅದರ ಮೂಲಾರ್ಥ ನ್ಯಾಯ ಎಂದು. ಕೊಡುವುದು ಕೊಡುವವನ ಔದಾರ್ಯವಲ್ಲ, ಅವನ ಮೇಲಿರುವ ಬಾಧ್ಯತೆ ಎಂಬುದು ಇದರ ತಿರುಳು. ಧರ್ಮನಿಷ್ಠರಾಗಿದ್ದ ಡೇವಿಡ್ ಸಸೂನ್ ವಹಿವಾಟಿನ ಒಂದು ಪಾಲನ್ನು ದಾನಕ್ಕೆಂದೇ ತೆಗೆದಿಡುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಮಕ್ಕಳು, ಮೊಮ್ಮಕ್ಕಳು ಅದನ್ನು ಮುಂದುವರಿಸಿದರು.

ಸಮುದಾಯಕ್ಕೊಂದು, ಊರಿಗೊಂದು

ಸಸೂನರ ಕೊಡುಗೆಗಳನ್ನು ಎರಡು ಬಗೆಯಾಗಿ ನೋಡಬಹುದು. ಮೊದಲನೆಯದು ಯಹೂದಿಗಳಿಗೆಂದೇ ಕಟ್ಟಿದವು. ಮುಂಬಯಿಯ ಬೈಕುಲಾದಲ್ಲಿ 1860ರ ದಶಕದಲ್ಲಿ ಡೇವಿಡ್ ಸಸೂನ್ ಕಟ್ಟಿಸಿದ 'ಮಾಗೆನ್ ಡೇವಿಡ್' ಸಿನಗಾಗ್ ಇವುಗಳಲ್ಲಿ ಪ್ರಮುಖ. ಪುಣೆಯ ಕ್ಯಾಂಪ್ ಪ್ರದೇಶದಲ್ಲಿ 1863ರಲ್ಲಿ ಆರಂಭವಾಗಿ 1867ರಲ್ಲಿ ಪೂರ್ಣಗೊಂಡ 'ಓಹೆಲ್ ಡೇವಿಡ್' ಸಿನಗಾಗ್ ಎರಡನೆಯದು. ಕೆಂಪು ಇಟ್ಟಿಗೆಯ ಈ ಎತ್ತರದ ಗೋಪುರದ ಕಟ್ಟಡವನ್ನು ಪುಣೆಯ ಜನ ಇಂದಿಗೂ 'ಲಾಲ್ ದೇವಳ' ಎಂದೇ ಕರೆಯುತ್ತಾರೆ. 1864ರಲ್ಲಿ ಪುಣೆಯಲ್ಲಿ ನಿಧನರಾದ ಡೇವಿಡ್ ಸಸೂನರ ಸಮಾಧಿ ಇದರ ಆವರಣದಲ್ಲಿದೆ. ಮೊಮ್ಮಗ ಜೇಕಬ್ ಸಸೂನ್ ತಮ್ಮ ತಂದೆ ಎಲಿಯಾಸರ ನೆನಪಿಗೆ ಮುಂಬಯಿಯ ಕೋಟೆ ಪ್ರದೇಶದಲ್ಲಿ 1884ರಲ್ಲಿ 'ಕ್ನೆಸೆಟ್ ಎಲಿಯಾಹೂ' ಸಿನಗಾಗ್ ಕಟ್ಟಿಸಿದರು. ಬೈಕುಲಾದಲ್ಲಿ ಸಮುದಾಯದ ಮಕ್ಕಳಿಗಾಗಿ ಶಾಲೆಗಳೂ ನಡೆದವು.

ಎರಡನೆಯದು ಇಡೀ ಊರಿಗೆ ಮೀಸಲಾದವು. ಪುಣೆಯಲ್ಲಿ 1867ರಲ್ಲಿ ಆರಂಭವಾದ ಸಸೂನ್ ಆಸ್ಪತ್ರೆ ಜಾತಿ ಧರ್ಮದ ಭೇದವಿಲ್ಲದೆ ಎಲ್ಲರಿಗೂ ಚಿಕಿತ್ಸೆ ನೀಡಿತು. ಸರ್ಕಾರದ ಆಡಳಿತಕ್ಕೆ ಒಳಪಟ್ಟು, ಬಿ.ಜೆ. ವೈದ್ಯಕೀಯ ಕಾಲೇಜಿಗೆ ಹೊಂದಿಕೊಂಡಿರುವ ಈ ಆಸ್ಪತ್ರೆ ಇಂದಿಗೂ ಪುಣೆಯ ಬಡ ರೋಗಿಗಳ ಮುಖ್ಯ ಆಸರೆ. ಮುಂಬಯಿಯ ಕಾಲಾ ಘೋಡಾದಲ್ಲಿ 1870ರಲ್ಲಿ ಪೂರ್ಣಗೊಂಡ ಡೇವಿಡ್ ಸಸೂನ್ ಗ್ರಂಥಾಲಯ ಇಂದಿಗೂ ಓದುಗರಿಗೆ ತೆರೆದಿದೆ.

ಹೊರಗಿದ್ದವರೇ ವಾರಸುದಾರರು

ಈ ದಾನದ ಇತಿಹಾಸದಲ್ಲಿ ಕಹಿಯೂ ಇದೆ. ತಮ್ಮ ಆಚರಣೆಯೇ ಶುದ್ಧವೆಂದು ನಂಬಿದ್ದ ಬಾಗ್ದಾದಿಗಳಲ್ಲಿ ಹಲವರು ಬೆನೆ ಇಸ್ರೇಲಿಗಳನ್ನು ಸರಿಸಮಾನರೆಂದು ಒಪ್ಪಿರಲಿಲ್ಲ. ಒಂದೇ ಧರ್ಮದವರಾದರೂ ವಿವಾಹ ಸಂಬಂಧದಲ್ಲಿ, ಸಿನಗಾಗ್‌ನ ಗೌರವಗಳಲ್ಲಿ, ಸ್ಮಶಾನದಲ್ಲಿ ಕೂಡ ಅಂತರ ಪಾಲನೆಯಾಗುತ್ತಿತ್ತು. ಸಮುದಾಯಕ್ಕೆಂದು ಕೊಟ್ಟ ದಾನದಲ್ಲಿ ಸಮುದಾಯವೆಂದರೆ ಯಾರು ಎಂಬ ಪ್ರಶ್ನೆ ಹೀಗೆ ಆರಂಭದಿಂದಲೂ ಇತ್ತು.

ಉತ್ತರವನ್ನು ಕಾಲವೇ ನೀಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸಸೂನರ ಮುಖ್ಯ ಶಾಖೆಗಳು ಇಂಗ್ಲೆಂಡಿಗೆ ನೆಲೆ ಬದಲಿಸಿದ್ದವು. ಡೇವಿಡ್ ಅವರ ಹಿರಿಯ ಮಗ ಅಬ್ದುಲ್ಲಾ, ಆಲ್ಬರ್ಟ್ ಎಂಬ ಹೆಸರು ಧರಿಸಿ 1890ರಲ್ಲಿ ಬ್ಯಾರನೆಟ್ ಪದವಿ ಪಡೆದರು. ಒಂದನೆಯ ಮಹಾಯುದ್ಧದ ಕವಿಯೆಂದು ಪ್ರಸಿದ್ಧರಾದ ಸೀಗ್‌ಫ್ರೀಡ್ ಸಸೂನ್ ಡೇವಿಡ್ ಅವರ ಮರಿಮಗ. 1940ರ ದಶಕದಲ್ಲಿ ಮುಂಬಯಿಯ ಗಿರಣಿಗಳೂ ಕೈಬದಲಾದವು. ದೇಶ ಸ್ವತಂತ್ರವಾಗಿ, 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ನಂತರ ಬಾಗ್ದಾದಿಗಳು ಬಹುಪಾಲು ಬ್ರಿಟನ್, ಆಸ್ಟ್ರೇಲಿಯಾಗಳಿಗೂ ಬೆನೆ ಇಸ್ರೇಲಿಗಳು ಇಸ್ರೇಲಿಗೂ ತೆರಳಿದರು. ಸ್ವಾತಂತ್ರ್ಯದ ಹೊತ್ತಿಗೆ 20 ಸಾವಿರಕ್ಕೂ ಮಿಕ್ಕಿದ್ದ ಭಾರತದ ಯಹೂದಿಗಳ ಸಂಖ್ಯೆ 2011ರ ಜನಗಣತಿಯಲ್ಲಿ 5 ಸಾವಿರದೊಳಕ್ಕೆ ಇಳಿಯಿತು.

ಯಹೂದಿ ಸಂಪ್ರದಾಯದಂತೆ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ 10 ಮಂದಿ ವಯಸ್ಕ ಪುರುಷರು ಸೇರಬೇಕು. ಸಾವಿರ ಮಂದಿಗೆಂದು ಕಟ್ಟಿದ ಮಂದಿರದಲ್ಲಿ ಹತ್ತು ಮಂದಿಯನ್ನು ಕೂಡಿಸುವುದೇ ಪ್ರಯಾಸವಾದಾಗ ಬಾಗಿಲು ತೆರೆದಿಟ್ಟವರು ಬೆನೆ ಇಸ್ರೇಲಿಗಳು. ಸಸೂನರ ಸಿನಗಾಗ್‌ಗಳಲ್ಲಿ ಇಂದು ಪ್ರಾರ್ಥಿಸುವವರಲ್ಲಿ ಹೆಚ್ಚಿನವರು ಅವರೇ. ಒಂದು ಕಾಲದಲ್ಲಿ ಅಂಚಿನಲ್ಲಿ ನಿಲ್ಲಿಸಲ್ಪಟ್ಟವರೇ ಮಂದಿರದ ವಾರಸುದಾರರಾದರು.

ಶಾಲೆಗಳ ಕಥೆಯೂ ಇದೇ. ಬೈಕುಲಾದ ಸಸೂನ್ ಶಾಲೆಗಳಲ್ಲಿ ಈಗ ಕಲಿಯುವವರು ಬಹುಪಾಲು ಸುತ್ತಲಿನ ಬಡಾವಣೆಗಳ ಮುಸ್ಲಿಂ ಮಕ್ಕಳು. ಕೋಲ್ಕತ್ತದಲ್ಲಿ ಬಾಗ್ದಾದಿ ಸಮುದಾಯ ಸ್ಥಾಪಿಸಿದ ಯಹೂದಿ ಬಾಲಕಿಯರ ಶಾಲೆಯಲ್ಲೂ ಇದೇ ಸ್ಥಿತಿ. ಅಲ್ಲಿ ಎಜ್ರಾ ಮನೆತನ 1884ರಲ್ಲಿ ಕಟ್ಟಿಸಿದ 'ಮಾಗೆನ್ ಡೇವಿಡ್' ಸಿನಗಾಗ್‌ನ ಮೇಲುಸ್ತುವಾರಿ ನೋಡಿಕೊಳ್ಳುತ್ತ ಬಂದವರಲ್ಲಿ ಮುಸ್ಲಿಂ ಕುಟುಂಬದವರಿದ್ದಾರೆ.

ತೋರಣಗಲ್ಲಿನ ಉಕ್ಕು, ಮುಂಬಯಿಯ ಸಿನಗಾಗ್

ಪ್ರಾರ್ಥನೆಗೆ ಜನ ಸಿಕ್ಕರೂ 130 ವರ್ಷ ಹಳೆಯ ಕಟ್ಟಡದ ಸೋರುವ ಸೂರು, ಶಿಥಿಲ ಗಾರೆ, ಬಣ್ಣದ ಗಾಜಿನ ಕಿಟಕಿಗಳನ್ನು ದುರಸ್ತಿ ಮಾಡಿಸಲು ಪುಟ್ಟ ಸಮುದಾಯದ ವಂತಿಗೆ ಸಾಲದು. ಈ ಹಂತದಲ್ಲಿ ಮತ್ತೊಂದು ಉದ್ಯಮಿ ಮನೆತನದ ಪ್ರವೇಶವಾಯಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಬೃಹತ್ ಉಕ್ಕಿನ ಕಾರ್ಖಾನೆ ನಡೆಸುವ ಜಿಂದಾಲ್ ಮನೆತನದ ಜೆಎಸ್‌ಡಬ್ಲ್ಯು ಪ್ರತಿಷ್ಠಾನವು ಕ್ನೆಸೆಟ್ ಎಲಿಯಾಹೂ ಸಿನಗಾಗ್‌ನ ಜೀರ್ಣೋದ್ಧಾರಕ್ಕೆ ಮುಖ್ಯ ನೆರವು ನೀಡಿತು. ಸಂಗೀತಾ ಜಿಂದಾಲ್ ಅಧ್ಯಕ್ಷತೆಯ ಈ ಪ್ರತಿಷ್ಠಾನದ ಜತೆ ಇತರ ಪರಂಪರೆ ಸಂರಕ್ಷಣಾ ಸಂಸ್ಥೆಗಳೂ ಕೈಜೋಡಿಸಿದವು. ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಅವರ ಮಾರ್ಗದರ್ಶನದಲ್ಲಿ ಕೆಲಸ ಪೂರ್ಣಗೊಂಡು 2019ರಲ್ಲಿ ಮಂದಿರ ಮರಳಿ ತೆರೆಯಿತು. ಅದೇ ವರ್ಷ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಗೂ ಪಾತ್ರವಾಯಿತು.

ಯಹೂದಿ ಮನೆತನ ಕಟ್ಟಿದ್ದನ್ನು ಹಿಂದೂ ಮನೆತನದ ಪ್ರತಿಷ್ಠಾನ ಉಳಿಸಿತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜೀರ್ಣೋದ್ಧಾರಕ್ಕೆ ನೆರವು ಒಮ್ಮೆ ಬರುತ್ತದೆ. ದೀಪ, ನೀರು, ಕಾವಲು, ವರ್ಷಂಪ್ರತಿಯ ಸುಣ್ಣಬಣ್ಣದ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಈ ನಿತ್ಯದ ಹೊಣೆಯನ್ನು ಹೊತ್ತಿರುವುದು ಜೇಕಬ್ ಸಸೂನರ ಹೆಸರಿನ ಟ್ರಸ್ಟ್. ನಿತ್ಯ ನಿರ್ವಹಣೆಗೆ ಟ್ರಸ್ಟ್ ಇಲ್ಲದಿದ್ದಲ್ಲಿ ಜೀರ್ಣೋದ್ಧಾರಕ್ಕೆ ಬರುವ ದಾನಿಗೆ ಮಾತನಾಡಲು ಎದುರಿಗೆ ಯಾರೂ ಇರುತ್ತಿರಲಿಲ್ಲ.

ಬೆಂಗಳೂರಿನ ಪುಟ್ಟ ಸ್ಮಶಾನ

ಕರ್ನಾಟಕದಲ್ಲಿ ಸಸೂನರು ಕಟ್ಟಿದಂಥ ಸಿನಗಾಗ್ ಇಲ್ಲ. ಯಹೂದಿಗಳ ಸಾರ್ವಜನಿಕ ಗುರುತಾಗಿ ಉಳಿದಿರುವುದು ಬೆಂಗಳೂರಿನ ಮೈಸೂರು ರಸ್ತೆಯ ಸ್ಮಶಾನ. ಮೈಸೂರಿನ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ 1904ರಲ್ಲಿ ಇದಕ್ಕೆ ಭೂಮಿ ನೀಡಿದರು. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಪಾದರಕ್ಷೆಗಳ ಹೆಸರಾಂತ ಮಳಿಗೆ ನಡೆಸಿದ ಮೋಸಸ್ ಮನೆತನದ ಹೆಸರು ಈ ಸ್ಮಶಾನದ ಇತಿಹಾಸದೊಂದಿಗೆ ಬೆಸೆದಿದೆ. ಇಲ್ಲಿ ಭೂಮಿ ಅರಸರದು, ಆರೈಕೆ ಒಂದು ಕುಟುಂಬದ್ದು. ಊರಿನಲ್ಲಿ ಸಮುದಾಯ ಬೆರಳೆಣಿಕೆಗೆ ಇಳಿದಾಗ ಸಂಸ್ಥೆ ಎಂಬುದು ಕೆಲವೊಮ್ಮೆ ಒಂದು ಬೀಗದ ಕೈ ಇಟ್ಟುಕೊಂಡ ಮನೆಯೇ ಆಗಿರುತ್ತದೆ.

ಕಾನೂನು ಏನು ಹೇಳುತ್ತದೆ?

ದಾನಿಯ ಇಚ್ಛೆ ಮತ್ತು ಬದಲಾದ ಕಾಲದ ನಡುವೆ ತಕರಾರು ಬಂದಾಗ ಕಾನೂನಿನ ಮೊರೆಹೋಗಬೇಕಾಗುತ್ತದೆ. 1950ರ ಬಾಂಬೆ ಸಾರ್ವಜನಿಕ ನ್ಯಾಸಗಳ ಕಾಯ್ದೆ ಜಾರಿಯಾದಾಗ ಧಾರವಾಡ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲಿತ್ತು. ಈ ಕಾಯ್ದೆಯಂತೆ ಸಾರ್ವಜನಿಕ ಟ್ರಸ್ಟ್‌ಗಳು ನೋಂದಣಿ ಮಾಡಿಸಿ ಲೆಕ್ಕಪತ್ರ ಒಪ್ಪಿಸಬೇಕು. ಧರ್ಮಾದಾಯ ಆಯುಕ್ತರ ಅನುಮತಿ ಇಲ್ಲದೆ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ನಗರದ ನಡುವೆ ಚಿನ್ನದ ಬೆಲೆಯ ನಿವೇಶನ ಹೊಂದಿ, ಬೆರಳೆಣಿಕೆಯ ಸದಸ್ಯರಿರುವ ಸಮುದಾಯಗಳ ಪಾಲಿಗೆ ಈ ನಿಯಮವೇ ರಕ್ಷೆ.

ಇದೇ ಕಾಯ್ದೆಯನ್ನು ಜೈನ ದೇವಾಲಯವೊಂದರ ವ್ಯವಸ್ಥಾಪಕರು ಪ್ರಶ್ನಿಸಿದ ರತಿಲಾಲ್ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ಮಹತ್ವದ ತೀರ್ಪು ನೀಡಿತು. ದಾನಿಯ ಮೂಲ ಉದ್ದೇಶ ನೆರವೇರಿಸುವುದು ಸಾಧ್ಯವಿರುವಾಗ ಧಾರ್ಮಿಕ ದತ್ತಿಯ ಹಣವನ್ನು ಬೇರೆ ಕಾರ್ಯಕ್ಕೆ ತಿರುಗಿಸುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ವಿರುದ್ಧ ಎಂಬುದು ಅದರ ಸಾರ. ಮೂಲ ಉದ್ದೇಶವೇ ಅಸಾಧ್ಯವಾದಾಗ ಮಾತ್ರ ಅದಕ್ಕೆ ತೀರ ಹತ್ತಿರವಾದ ಉದ್ದೇಶಕ್ಕೆ ಹಣ ಬಳಸಲು ನ್ಯಾಯಾಲಯ ಅವಕಾಶ ನೀಡಬಹುದು. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿತು.

ಮನೆತನದಿಂದ ಸಂಸ್ಥೆಗೆ

ಸಸೂನರ ದಾನಗಳಲ್ಲಿ ಯಾವುದು ಹೇಗೆ ಉಳಿಯಿತು ಎಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆಸ್ಪತ್ರೆಯನ್ನು ಸರ್ಕಾರ ನಡೆಸುತ್ತಿದೆ. ಗ್ರಂಥಾಲಯವನ್ನು ಅದರ ಸದಸ್ಯರು ನಡೆಸುತ್ತಿದ್ದಾರೆ. ಶಾಲೆಗಳನ್ನು ನೆರೆಹೊರೆಯ ಮಕ್ಕಳು ತುಂಬಿದ್ದಾರೆ. ಸಿನಗಾಗ್‌ಗಳನ್ನು ಟ್ರಸ್ಟ್ ಮತ್ತು ಬೆನೆ ಇಸ್ರೇಲಿಗಳು ಕಾಪಾಡಿದ್ದಾರೆ. ಇವುಗಳಲ್ಲಿ ಯಾವುದೂ ಇಂದು ಸಸೂನ್ ವಂಶಸ್ಥರ ಕೈಯನ್ನು ಅವಲಂಬಿಸಿಲ್ಲ.

ಸತ್ತೂರಿನ ಸಂಸ್ಥೆಗಳ ಸ್ಥಿತಿ ಬೇರೆ. ಇಲ್ಲಿ ಮನೆತನ ಇದೆ, ಕ್ಷೇತ್ರ ಇದೆ, 1968ರಿಂದ ಧರ್ಮಾಧಿಕಾರಿಯಾಗಿರುವ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವವಿದೆ. 2018ರ ರಾಜ್ಯ ಕಾಯ್ದೆಯ ಮೂಲಕ ಇಲ್ಲಿನ ಕಾಲೇಜುಗಳು ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯದ ಚೌಕಟ್ಟಿಗೆ ಬಂದವು. ಕಾಯ್ದೆ, ಮಂಡಳಿ, ಲೆಕ್ಕಪರಿಶೋಧನೆಗಳ ಇಂಥ ಚೌಕಟ್ಟು ಕಟ್ಟಡಕ್ಕಿಂತ ಕಡಿಮೆ ಕಣ್ಣಿಗೆ ಬೀಳುತ್ತದೆ. ಅಡಿಗಲ್ಲಿನ ಮೇಲೆ ಅದರ ಹೆಸರಿರುವುದಿಲ್ಲ. ಆದರೆ ಪುಣೆಯ ಆಸ್ಪತ್ರೆಯಲ್ಲಿ ಇಂದು ಚೀಟಿ ಮಾಡಿಸಿ ನಿಂತಿರುವ ರೋಗಿಗೆ ಡೇವಿಡ್ ಸಸೂನ್ ಯಾರೆಂದು ತಿಳಿಯದಿದ್ದರೂ ಚಿಕಿತ್ಸೆ ಸಿಗುತ್ತಿರುವುದು ಅಂಥ ಚೌಕಟ್ಟಿನಿಂದಲೇ.