ವೆಬ್ ಫಾರ್ಮ್ ಸ್ಕ್ರಿಪ್ಟ್‌ಗಳ ಸ್ವಯಂ ರಚನೆ

ಏನಿದು?

ಆನ್‌ಲೈನ್ ಅರ್ಜಿ ತುಂಬುವಾಗ ಪಿನ್‌ಕೋಡಿನ ಒಂದು ಅಂಕಿ ಬಿಟ್ಟುಹೋದರೆ ತಕ್ಷಣ ಎಚ್ಚರಿಕೆ ಕಾಣಿಸುತ್ತದೆ. ಸಾಮಾನ್ಯವಾಗಿ ಇದು ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನ ಕೆಲಸ. ಆ ಸ್ಕ್ರಿಪ್ಟನ್ನು ಕೈಯಾರೆ ಬರೆಯದೆ, ಸರ್ವರ್‌ನಲ್ಲಿರುವ ಪರ್ಲ್, ಪಿಎಚ್‌ಪಿ, ಪೈಥಾನ್‌ನಂಥ ಬೇರೆ ಭಾಷೆಯ ಪ್ರೋಗ್ರಾಮಿನಿಂದ ಬರೆಸುವುದೇ ಸ್ವಯಂ ರಚನೆ.

ಹಿನ್ನೆಲೆ

ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರಲ್ಲಿ ಜಾವಾಸ್ಕ್ರಿಪ್ಟ್ ರೂಪಿಸಿದರು. ಫಾರ್ಮ್‌ನ ತಪ್ಪುಗಳನ್ನು ಬ್ರೌಸರ್‌ನಲ್ಲೇ ಹಿಡಿಯಲು ಅದರಿಂದ ದಾರಿಯಾಯಿತು. ಲಿಂಕನ್ ಸ್ಟೈನ್ ಅವರ ಸಿಜಿಐ.ಪಿಎಂ ಎಂಬ ಪರ್ಲ್ ಮಾಡ್ಯೂಲ್ ಫಾರ್ಮ್‌ನ ಟ್ಯಾಗ್‌ಗಳನ್ನು ತಾನೇ ಬರೆದುಕೊಡುತ್ತಿತ್ತು. 2002ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಎಸ್‌ಪಿ.ನೆಟ್ ಪರಿಶೀಲನೆಯ ಸ್ಕ್ರಿಪ್ಟನ್ನೂ ಪುಟದ ಜೊತೆಗೆ ಕಳಿಸಿತು. 2006ರ ಗೂಗಲ್ ವೆಬ್ ಟೂಲ್‌ಕಿಟ್ ಜಾವಾ ಪ್ರೋಗ್ರಾಮನ್ನೇ ಜಾವಾಸ್ಕ್ರಿಪ್ಟ್‌ಗೆ ಬದಲಾಯಿಸಿತು.

ಕೆಲಸದ ಬಗೆ

ಪಿನ್‌ಕೋಡನ್ನೇ ನೋಡೋಣ. ಅದರಲ್ಲಿ 6 ಅಂಕಿಗಳಿರಬೇಕು, ಮೊದಲನೆಯದು ಸೊನ್ನೆಯಾಗಿರಬಾರದು. ಪ್ರೋಗ್ರಾಮರ್ ಈ ನಿಯಮವನ್ನು ಸರ್ವರ್ ಭಾಷೆಯಲ್ಲಿ ಒಮ್ಮೆ ಬರೆಯುತ್ತಾನೆ. ಅದನ್ನು ಓದಿ ಜನರೇಟರ್ (ಸ್ಕ್ರಿಪ್ಟ್ ಬರೆಯುವ ಪ್ರೋಗ್ರಾಮ್) ಮೂರನ್ನು ಹೊರಡಿಸುತ್ತದೆ: ತುಂಬುವ ಖಾನೆ, ಬ್ರೌಸರ್‌ನಲ್ಲಿ ತಪಾಸಣೆ ಮಾಡುವ ಸ್ಕ್ರಿಪ್ಟ್, ತಪ್ಪಿದಾಗ ತೋರಿಸುವ ಸಂದೇಶ. ನಾಳೆ ನಿಯಮ ಬದಲಾದರೆ ತಿದ್ದಬೇಕಾದ್ದು ಒಂದೇ ಕಡೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವ ಅಪಾಯ ತಪ್ಪುತ್ತದೆ. ಹತ್ತಾರು ಅರ್ಜಿ ನಮೂನೆಗಳಿರುವ ಕಡೆ ಇದು ದೊಡ್ಡ ಅನುಕೂಲ.

ಕನ್ನಡ ಅಂಕಿಗಳ ತೊಡಕು

ನಿಯಮವನ್ನು ಅಕ್ಷರಶಃ ನಕಲು ಮಾಡಿದರೆ ಸಾಲದು. ‘ಯಾವುದೇ ಅಂಕಿ’ ಎಂಬುದನ್ನು ಸೂಚಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಗುರುತು ಪೈಥಾನ್, ಜಾವಾಸ್ಕ್ರಿಪ್ಟ್ ಎರಡೂ ಭಾಷೆಗಳಲ್ಲಿ ಒಂದೇ. ಆದರೆ ಪೈಥಾನ್ 3ರ ಪಠ್ಯದಲ್ಲಿ ಅದು ೫, ೬ನ್ನೂ ಅಂಕಿಯೆಂದೇ ಎಣಿಸುತ್ತದೆ. ಜಾವಾಸ್ಕ್ರಿಪ್ಟ್ 0ಯಿಂದ 9ರವರೆಗಿನವನ್ನು ಮಾತ್ರ ಒಪ್ಪುತ್ತದೆ. ಹೀಗಾಗಿ ಕನ್ನಡ ಅಂಕಿಯಲ್ಲಿ ತುಂಬಿದ ಸರಿಯಾದ ಪಿನ್‌ಕೋಡನ್ನು ಸರ್ವರ್ ಒಪ್ಪಿದರೂ ಬ್ರೌಸರ್ ತಡೆಯಬಹುದು. ಯಾವ ಅಂಕಿಗಳು ಸಲ್ಲುತ್ತವೆ ಎಂಬುದನ್ನು ನಿಯಮದಲ್ಲೇ ಬಿಡಿಸಿ ಹೇಳಬೇಕು.

ಸುರಕ್ಷತೆ

ಬಳಕೆದಾರರು ಕೊಟ್ಟ ಪಠ್ಯವನ್ನು ಸ್ಕ್ರಿಪ್ಟ್‌ನೊಳಗೆ ಹಾಗೆಯೇ ಜೋಡಿಸಬಾರದು. ಅದರಲ್ಲಿ ಉದ್ಧರಣ ಚಿಹ್ನೆಯೋ ಸ್ಕ್ರಿಪ್ಟ್ ಮುಗಿಸುವ ಟ್ಯಾಗೋ ಇದ್ದರೆ ಪುಟ ಕೆಡುತ್ತದೆ; ಕಿಡಿಗೇಡಿಗಳು ತಮ್ಮ ಕೋಡ್ ನುಗ್ಗಿಸಲೂಬಹುದು. ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋದ ‘ಜೇಸನ್ ಸ್ಕ್ರಿಪ್ಟ್’ ಫಿಲ್ಟರ್‌ನಂಥ ಸಿದ್ಧ ಸಾಧನಗಳು ಅಂಥ ಚಿಹ್ನೆಗಳನ್ನು ನಿರಪಾಯಗೊಳಿಸುತ್ತವೆ.

ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟನ್ನು ಯಾರು ಬೇಕಾದರೂ ನಿಲ್ಲಿಸಬಹುದು. ಆದ್ದರಿಂದ ಅಲ್ಲಿನ ತಪಾಸಣೆ ಅರ್ಜಿದಾರರ ಅನುಕೂಲಕ್ಕೆ ಮಾತ್ರ. ಎಷ್ಟೇ ಚೆನ್ನಾಗಿ ಸ್ಕ್ರಿಪ್ಟ್ ರಚಿಸಿದರೂ ಸರ್ವರ್‌ನಲ್ಲಿ ಮತ್ತೊಮ್ಮೆ ಪರಿಶೀಲಿಸಲೇಬೇಕು.