ಗಿನಿಪಿಗ್‌ಗೂ ಮೊದಲು ಮಕ್ಕಳು

ಔಷಧದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಕಲ್ಪಿಸಿಕೊಳ್ಳುತ್ತೇವೆ: ಪ್ರಯೋಗ ಮೊದಲು ಪ್ರಾಣಿಯ ಮೇಲೆ, ಆಮೇಲೆ ಮನುಷ್ಯನ ಮೇಲೆ. ಆಸ್ತಮಾ ಇನ್‌ಹೇಲರಿನ ಚರಿತ್ರೆಯಲ್ಲಿ, ಒಂದು ಪ್ರಶ್ನೆಯ ಮಟ್ಟಿಗಾದರೂ, ಈ ಕ್ರಮ ತಲೆಕೆಳಗಾಯಿತು.

1956ರಲ್ಲಿ ಅಮೆರಿಕದ ರೈಕರ್ ಕಂಪನಿ, ಒಮ್ಮೆ ಒತ್ತಿದರೆ ಅಳತೆಯಷ್ಟೇ ಮದ್ದು ಚಿಮ್ಮುವ ಇನ್‌ಹೇಲರನ್ನು ಮಾರುಕಟ್ಟೆಗೆ ತಂದಿತು. ಅದರೊಳಗಿನ ಐಸೊಪ್ರೆನಲಿನ್ ಬಿಗಿದ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತಿತ್ತು. ಆದರೆ 1959ರಿಂದ 1966ರೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10ರಿಂದ 14 ವರ್ಷದ ಮಕ್ಕಳ ಆಸ್ತಮಾ ಸಾವು ಸುಮಾರು ಎಂಟು ಪಟ್ಟಾಯಿತು. ಸ್ಪೈಜರ್, ಡಾಲ್ ಮತ್ತು ಹೀಫ್ ಮರಣದ ದಾಖಲೆಗಳನ್ನು ಕೆದಕಿ, 1968ರಲ್ಲಿ ಈ ಹೊಸ ಚಿಕಿತ್ಸೆಯತ್ತಲೇ ಬೆರಳು ತೋರಿದರು. ಅಷ್ಟರಲ್ಲಾಗಲೇ ವೈದ್ಯರಿಗೆ ಎಚ್ಚರಿಕೆ ಹೋಗಿತ್ತು. ಚೀಟಿಯಿಲ್ಲದೆ ಮಾರುವುದೂ ನಿಂತಿತು. ಸಾವುಗಳು ಇಳಿದವು.

ಮದ್ದು ಕೇಡು ಮಾಡಿದ್ದು ಹೇಗೆ? ಹೃದಯಕ್ಕೆ ಪೆಟ್ಟು ಎಂದರು ಕೆಲವರು. ತಾತ್ಕಾಲಿಕ ಆರಾಮವನ್ನು ನಂಬಿ ಆಸ್ಪತ್ರೆಗೆ ಹೋಗುವುದು ತಡವಾಯಿತು ಎಂದರು ಇನ್ನು ಕೆಲವರು. ಮೂರನೆಯ ಅನುಮಾನವೂ ಇತ್ತು: ಮದ್ದೇ ಶ್ವಾಸನಾಳವನ್ನು ಮುಟ್ಟಿದರೆ ಮುನಿಯುವಂತೆ ಮಾಡುತ್ತಿದೆಯೇ? ಅಲ್ಪ ಪ್ರಚೋದನೆಗೂ ಉಸಿರಿನ ದಾರಿ ಬಿಗಿದುಕೊಳ್ಳುವ ಈ ಗುಣಕ್ಕೆ ಅತಿಸ್ಪಂದನೆ ಎನ್ನಬಹುದು.

ಇದನ್ನು ಪರೀಕ್ಷಿಸಲು ಗಿನಿಪಿಗ್ ಬೇಕಾಯಿತು. 1990ರಲ್ಲಿ ಸಂಜರ್, ಮಾರ್ಲಿ ಮತ್ತು ಸಂಗಡಿಗರು ಅದರ ರಕ್ತನಾಳಕ್ಕೆ ಐಸೊಪ್ರೆನಲಿನ್ ಹರಿಸಿದರು. ಅದಾದ ಮೇಲೆ ಹಿಸ್ಟಮಿನ್ ಕೊಟ್ಟಾಗ ಶ್ವಾಸನಾಳ ಮೊದಲಿಗಿಂತ ಹೆಚ್ಚು ಬಿಗಿಯಿತು. ವೇಗಸ್ ನರವನ್ನು ಕತ್ತರಿಸಿದರೆ ಈ ಹೆಚ್ಚಳ ಕಾಣಲಿಲ್ಲ. ಅಂದರೆ ದೋಷ ಸ್ನಾಯುವಿನದಷ್ಟೇ ಅಲ್ಲ, ನರಕ್ಕೂ ಅದರಲ್ಲಿ ಪಾಲಿತ್ತು.

ಈ ಉತ್ತರ ಬರುವಷ್ಟರಲ್ಲಿ ನ್ಯೂಜಿಲೆಂಡ್ ಇನ್ನೊಂದು ಸರಣಿ ಸಾವುಗಳನ್ನು ಕಂಡಿತ್ತು. ಅಲ್ಲಿಗೆ 1976ರಲ್ಲಿ ಬಂದ ಫೆನೊಟೆರಾಲ್ ಎಂಬ ಅದೇ ಕುಲದ ಮದ್ದಿನ ಮೇಲೆ 1989ರ ಅಧ್ಯಯನವೊಂದು ಸಂಶಯ ಹೊರಿಸಿತು. ಬಳಕೆ ಕುಗ್ಗಿದಾಗ ಅಲ್ಲಿಯೂ ಸಾವು ಇಳಿಯಿತು.

ಗಿನಿಪಿಗ್ ಮಗುವಲ್ಲ, ರಕ್ತನಾಳಕ್ಕೆ ಹರಿಸುವುದು ಇನ್‌ಹೇಲರ್ ಎಳೆದಂತೆಯೂ ಅಲ್ಲ. ಆ ಪ್ರಯೋಗ ಮಕ್ಕಳ ಸಾವಿನ ಕಾರಣವನ್ನು ತೀರ್ಮಾನಿಸಲಿಲ್ಲ, ಸಾಧ್ಯವಿರುವ ಒಂದು ದಾರಿಯನ್ನು ತೋರಿಸಿತು. ಇತಿಹಾಸದ ವಿದ್ಯಾರ್ಥಿಗೆ ಕಾಡುವುದು ಆ ನಡುವಿನ ಇಪ್ಪತ್ತು ವರ್ಷ. 2019ರಿಂದ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ, ತಕ್ಷಣ ಆರಾಮ ಕೊಡುವ ಇನ್‌ಹೇಲರನ್ನಷ್ಟೇ ನೆಚ್ಚಿಕೊಳ್ಳಬೇಡಿ, ಜೊತೆಗೆ ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಇರಲಿ ಎನ್ನುತ್ತಿದೆ. ಆ ಸಾಲಿನ ಹಿಂದೆ ಗಿನಿಪಿಗ್‌ಗಳಿಗೂ ಮೊದಲು ಮರಣದ ದಾಖಲೆ ಸೇರಿದ ಮಕ್ಕಳಿದ್ದಾರೆ.