ಯುರೇನಿಯಂ ಗೆದ್ದಿತು, ಷೇರುದಾರ ಸೋತ: ಪಲಾಡಿನ್ ಕಂಪನಿಯ ಕಥೆ

ಇವತ್ತಿನ ಕಥೆ ಶುರು ಮಾಡೋಕೆ ಮುಂಚೆ ನನ್ನದೇ ಒಂದು ಲೆಕ್ಕ ಒಪ್ಪಿಸಿಬಿಡ್ತೀನಿ.

2020ರ ಲಾಕ್‌ಡೌನ್‌ನಲ್ಲಿ ನಾನು ಡಿಮ್ಯಾಟ್ ಖಾತೆ ತೆರೆದೆ. ಬಿ.ಕಾಂ ಮುಗಿಸಿ, ಮೊದಲ ಕೆಲಸದಲ್ಲಿ ಉಳಿಸಿದ್ದ ಸ್ವಲ್ಪ ದುಡ್ಡು ಕೈಯಲ್ಲಿತ್ತು. ಒಂದು ಕಂಪನಿಯ ಷೇರು ತಗೊಂಡೆ, ಹೆಸರು ಬೇಡ. ಆ ಕಂಪನಿ ತಯಾರಿಸುವ ಸರಕಿಗೆ ಮುಂದೆ ಒಳ್ಳೆ ಬೆಲೆ ಬರುತ್ತೆ ಅನ್ನೋದು ನನ್ನ ಅಂದಾಜು. ಬೆಲೆ ಬಂತು ಕೂಡ. ಆದ್ರೆ ಅಷ್ಟರಲ್ಲಿ ಕಂಪನಿ ಸಾಲ ಕಟ್ಟಲಾಗದೆ ದಿವಾಳಿ ಪ್ರಕ್ರಿಯೆಗೆ ಹೋಗಿತ್ತು. ಹೊಸ ಮಾಲೀಕರು ಬಂದರು, ಹಳೇ ಷೇರುಗಳೆಲ್ಲ ರದ್ದಾದವು. ಕಾರ್ಖಾನೆ ಈಗಲೂ ಓಡ್ತಾ ಇದೆ. ನನ್ನ ಖಾತೆಯಲ್ಲಿ ಮಾತ್ರ ಸೊನ್ನೆ. ಹೋಗಿದ್ದು ನನ್ನ ಎರಡು ತಿಂಗಳ ಸಂಬಳ.

ದುಡ್ಡು ಹೋದದ್ದಕ್ಕಿಂತ ಒಂದು ಪ್ರಶ್ನೆ ಜಾಸ್ತಿ ಕಾಡಿತು. ನನ್ನ ಅಂದಾಜು ಸರಿಯಾಗಿಯೇ ಇತ್ತಲ್ಲ, ಹಾಗಿದ್ರೆ ನಾನು ಸೋತಿದ್ದು ಎಲ್ಲಿ? ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು ಆಸ್ಟ್ರೇಲಿಯಾದ ಪಲಾಡಿನ್ ಅನ್ನೋ ಯುರೇನಿಯಂ ಗಣಿ ಕಂಪನಿಯ ಇತಿಹಾಸ.

ಯುರೇನಿಯಂ ಅಂದ್ರೆ ನಮಗೆ ತೀರಾ ದೂರದ ವಸ್ತು ಏನಲ್ಲ. ಕೈಗಾದಲ್ಲಿ ರಿಯಾಕ್ಟರ್‌ಗಳಿವೆ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ನಿಕ್ಷೇಪ ಇದೆ. ಆದ್ರೆ ಜಾದುಗೋಡಾದಂಥ ಗಣಿಗಳನ್ನು ನಡೆಸುವ ಯುರೇನಿಯಂ ಕಾರ್ಪೊರೇಷನ್ ಸರ್ಕಾರಿ ಕಂಪನಿ, ಅದರ ಷೇರು ನಮ್ಮ ಪೇಟೆಯಲ್ಲಿ ಸಿಗಲ್ಲ. ಆಸ್ಟ್ರೇಲಿಯಾದಲ್ಲಿ ಹಾಗಲ್ಲ. ಅಲ್ಲಿ ಗಣಿ ಷೇರು ಅಂದ್ರೆ ಮೇಷ್ಟ್ರು, ಎಲೆಕ್ಟ್ರಿಷಿಯನ್, ನಿವೃತ್ತರು ಎಲ್ಲರೂ ಕೈ ಹಾಕುವ ವ್ಯವಹಾರ.

ಪಲಾಡಿನ್ ಶುರುವಾಗಿದ್ದು 1993ರಲ್ಲಿ, ಪರ್ತ್ ನಗರದಲ್ಲಿ. ಸ್ಥಾಪಕ ಜಾನ್ ಬೋರ್ಶಾಫ್, ಭೂವಿಜ್ಞಾನಿ. ಮೊದಲು ಯುರಾನೆರ್ಜ್ ಅನ್ನೋ ಜರ್ಮನ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದರು. ಆ ಕಂಪನಿ ಆಸ್ಟ್ರೇಲಿಯಾ ಬಿಟ್ಟು ಹೊರಟಾಗ, ಅದರ ವರ್ಷಗಟ್ಟಲೆಯ ಶೋಧನೆಯ ದಾಖಲೆಗಳನ್ನು ಇವರು ಕೊಂಡುಕೊಂಡರು. ಆಗ ಯುರೇನಿಯಂ ಯಾರಿಗೂ ಬೇಡವಾಗಿತ್ತು. ಶೀತಲ ಸಮರ ಮುಗಿದಿತ್ತು, ರಷ್ಯಾದ ಬಾಂಬ್‌ಗಳಿಂದ ತೆಗೆದ ಯುರೇನಿಯಂ ಅಮೆರಿಕದ ರಿಯಾಕ್ಟರ್‌ಗಳಿಗೆ ಇಂಧನವಾಗಿ ಬರ್ತಾ ಇತ್ತು. 2000ದ ಕೊನೆಗೆ ಒಂದು ಪೌಂಡ್, ಅಂದ್ರೆ ಸುಮಾರು 450 ಗ್ರಾಂ ಯುರೇನಿಯಂ ಆಕ್ಸೈಡ್‌ಗೆ ಬೆಲೆ ಬರೀ 7 ಅಮೆರಿಕನ್ ಡಾಲರ್ ಆಸುಪಾಸು.

ಅಂಥ ಹೊತ್ತಿನಲ್ಲಿ, 2002ರಲ್ಲಿ, ಪಲಾಡಿನ್ ನಮೀಬಿಯಾದ ಮರುಭೂಮಿಯಲ್ಲಿದ್ದ ಲ್ಯಾಂಗರ್ ಹೈನ್ರಿಕ್ ಅನ್ನೋ ನಿಕ್ಷೇಪವನ್ನು ತೀರಾ ಅಗ್ಗಕ್ಕೆ ಕೊಂಡಿತು. 2003ರಲ್ಲಿ ಪಲಾಡಿನ್ ಷೇರಿನ ಬೆಲೆ ಸುಮಾರು 1 ಸೆಂಟ್. ಒಂದು ಆಸ್ಟ್ರೇಲಿಯನ್ ಡಾಲರ್‌ಗೆ ನೂರು ಷೇರು!

ಆಮೇಲೆ ಗಾಳಿ ತಿರುಗಿತು. ಚೀನಾ, ಭಾರತ ಹೊಸ ರಿಯಾಕ್ಟರ್‌ಗಳ ಮಾತಾಡತೊಡಗಿದವು. ಹೊಸ ಗಣಿಗಳು ಇರಲಿಲ್ಲ. 2006ರ ಅಕ್ಟೋಬರ್‌ನಲ್ಲಿ ಕೆನಡಾದಲ್ಲಿ ಕಟ್ಟುತ್ತಿದ್ದ ಸಿಗಾರ್ ಲೇಕ್ ಅನ್ನೋ ದೊಡ್ಡ ಗಣಿಗೆ ನೀರು ನುಗ್ಗಿತು. ಯುರೇನಿಯಂ ಪೇಟೆಯ ಒಂದು ವಿಶೇಷ ಇಲ್ಲಿ ಹೇಳಬೇಕು. ವಿದ್ಯುತ್ ಕಂಪನಿಗಳು ಹೆಚ್ಚಾಗಿ ವರ್ಷಗಟ್ಟಲೆಯ ಒಪ್ಪಂದದಲ್ಲಿ ಖರೀದಿ ಮಾಡ್ತಾರೆ. ದಿನನಿತ್ಯದ ಸ್ಪಾಟ್ ಪೇಟೆ ತುಂಬ ಚಿಕ್ಕದು. ನಾಲ್ಕು ಜನ ಹೆಚ್ಚು ಕೊಳ್ಳೋಕೆ ಬಂದ್ರೂ ಬೆಲೆ ಜಿಗಿಯುತ್ತೆ. 2007ರ ಜೂನ್‌ನಲ್ಲಿ ಪೌಂಡ್‌ಗೆ 136 ಡಾಲರ್ ಮುಟ್ಟಿತು. ಅದಕ್ಕೆ ಮುಂಚೆಯೇ, ಏಪ್ರಿಲ್‌ನಲ್ಲಿ, ಪಲಾಡಿನ್ ಷೇರು 10 ಆಸ್ಟ್ರೇಲಿಯನ್ ಡಾಲರ್ ದಾಟಿತ್ತು. ನಾಲ್ಕು ವರ್ಷದಲ್ಲಿ ಒಂದಕ್ಕೆ ಸಾವಿರ.

ಇಂಥ ಕಥೆ ಕೇಳಿದ ಮೇಲೆ ಯಾರು ಸುಮ್ಮನಿರ್ತಾರೆ ಹೇಳಿ? ಸಣ್ಣ ಹೂಡಿಕೆದಾರರು ಬಂದರು. ಅವರೇನು ಕಣ್ಣು ಮುಚ್ಚಿಕೊಂಡು ಬಂದವರಲ್ಲ ಅನ್ನೋದು ನನ್ನ ಅಭಿಪ್ರಾಯ. ಬೇಡಿಕೆ ಇದೆ, ಪೂರೈಕೆ ಇಲ್ಲ, ಕಂಪನಿ ಹತ್ತಿರ ನಿಜವಾದ ಗಣಿ ಇದೆ. ಲ್ಯಾಂಗರ್ ಹೈನ್ರಿಕ್ 2006ರ ಕೊನೆಗೆ ಉತ್ಪಾದನೆ ಶುರು ಮಾಡಿತ್ತು. 2009ರಲ್ಲಿ ಮಲಾವಿ ದೇಶದ ಕಯೆಲೆಕೆರಾ ಗಣಿಯೂ ಸೇರಿಕೊಂಡಿತು. ಗಾಳಿಗೋಪುರ ಅಲ್ಲ, ಲಾರಿ ಓಡಾಡುವ ಗಣಿಗಳು.

ಪಿಯುಸಿ ಅಕೌಂಟೆನ್ಸಿ ಪುಸ್ತಕ ನೆನಪಿದೆಯಾ? ಬ್ಯಾಲೆನ್ಸ್ ಶೀಟ್‌ನಲ್ಲಿ ಎಡಗಡೆ ಹೊಣೆಗಳು, ಬಲಗಡೆ ಆಸ್ತಿಗಳು. ನಾನು ಇಲ್ಲಿವರೆಗೆ ಹೇಳಿದ್ದೆಲ್ಲ ಬಲಗಡೆಯ ಕಥೆ. ಈಗ ಎಡಗಡೆ ನೋಡೋಣ.

2006ರ ಕೊನೆಗೆ ಪಲಾಡಿನ್ 25 ಕೋಟಿ ಅಮೆರಿಕನ್ ಡಾಲರ್‌ನ ಕನ್ವರ್ಟಿಬಲ್ ಬಾಂಡ್ ಹೊರಡಿಸಿತು. 2008ರಲ್ಲಿ ಇನ್ನೂ 32.5 ಕೋಟಿ. ಕನ್ವರ್ಟಿಬಲ್ ಬಾಂಡ್ ಅಂದ್ರೆ ಇಷ್ಟೇ: ಷೇರು ಏರಿದ್ರೆ ಸಾಲ ಕೊಟ್ಟವನು ತನ್ನ ಸಾಲವನ್ನ ಷೇರಾಗಿ ಬದಲಿಸಿಕೊಳ್ಳಬಹುದು. ಏರದಿದ್ರೆ ಅವಧಿ ಮುಗಿದ ದಿನ ಅಸಲು ವಾಪಸ್ ಕೇಳ್ತಾನೆ. ಏರುಪೇಟೆಯಲ್ಲಿ ಇದು ಸಾಲದ ಥರ ಕಾಣೋದೇ ಇಲ್ಲ. ಇಳಿಪೇಟೆಯಲ್ಲಿ ಪಕ್ಕಾ ಸಾಲ. ಜೊತೆಗೆ 2007ರಲ್ಲಿ, ಬೆಲೆ ನೆತ್ತಿಗೇರಿದ್ದಾಗಲೇ, ಪಲಾಡಿನ್ ಸಮ್ಮಿಟ್ ರಿಸೋರ್ಸಸ್ ಅನ್ನೋ ಕಂಪನಿಯ ಬಹುಪಾಲನ್ನು ತನ್ನ ಷೇರು ಕೊಟ್ಟು ಕೊಂಡಿತು. ವ್ಯವಹಾರದ ಗಾತ್ರ 100 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಮೇಲೆ. ಸಮ್ಮಿಟ್‌ನ ನಿಕ್ಷೇಪ ಇದ್ದದ್ದು ಕ್ವೀನ್ಸ್‌ಲೆಂಡ್‌ನಲ್ಲಿ. ಅಲ್ಲಿನ ಸರ್ಕಾರ ಆಗ ಯುರೇನಿಯಂ ಗಣಿಗಾರಿಕೆಗೆ ಅನುಮತಿಯನ್ನೇ ಕೊಡ್ತಿರಲಿಲ್ಲ.

2011ರ ಮಾರ್ಚ್ 11. ಜಪಾನ್‌ನಲ್ಲಿ ಭೂಕಂಪ, ಸುನಾಮಿ, ಫುಕುಶಿಮಾ. ಜಪಾನ್ ಒಂದೊಂದಾಗಿ ತನ್ನ ರಿಯಾಕ್ಟರ್‌ಗಳನ್ನೆಲ್ಲ ನಿಲ್ಲಿಸಿತು. ಜರ್ಮನಿ 8 ರಿಯಾಕ್ಟರ್‌ಗಳನ್ನು ಆ ವರ್ಷವೇ ಮುಚ್ಚಿತು. ಆವತ್ತಿನಿಂದ ಯುರೇನಿಯಂ ಬೆಲೆ ಇಳೀತಾ ಹೋಯ್ತು, ಆದ್ರೆ ಪಲಾಡಿನ್ ಬಾಂಡ್‌ಗಳ ಗಡುವು ಅಲ್ಲೇ ಇತ್ತು. ಹಳೇ ಬಾಂಡ್ ತೀರಿಸೋಕೆ ಹೊಸ ಬಾಂಡ್. 2012ರಲ್ಲಿ ಫ್ರಾನ್ಸ್‌ನ ವಿದ್ಯುತ್ ಕಂಪನಿ ಇಡಿಎಫ್‌ನಿಂದ 20 ಕೋಟಿ ಡಾಲರ್ ಮುಂಗಡ, 2019ರಿಂದ ಯುರೇನಿಯಂ ಕೊಡ್ತೀವಿ ಅನ್ನೋ ಕರಾರಿನ ಮೇಲೆ. 2014ರಲ್ಲಿ ಲ್ಯಾಂಗರ್ ಹೈನ್ರಿಕ್‌ನ ಶೇ. 25 ಪಾಲು ಚೀನಾದ ಸರ್ಕಾರಿ ಪರಮಾಣು ಕಂಪನಿಗೆ 19 ಕೋಟಿ ಡಾಲರ್‌ಗೆ ಮಾರಾಟ. ಅದೇ ವರ್ಷ ಕಯೆಲೆಕೆರಾ ಬಂದ್. ಅಲ್ಲಿ ವಿದ್ಯುತ್ತಿಗೆ ಡೀಸೆಲ್ ಸುಡಬೇಕಿತ್ತು, ಇಳಿದ ಬೆಲೆಯಲ್ಲಿ ಖರ್ಚೂ ಹುಟ್ಟುತ್ತಿರಲಿಲ್ಲ. ವರ್ಷದ ಕೊನೆಗೆ ಹಳೇ ಷೇರುದಾರರ ಹತ್ತಿರವೇ ಬಂದು, ಷೇರಿಗೆ 26 ಸೆಂಟ್‌ನಂತೆ ಇನ್ನಷ್ಟು ದುಡ್ಡು ಹಾಕಿ ಅಂತ ಕೇಳಿದರು.

ಆ 26 ಸೆಂಟ್ ಹಾಕಿದವರ ಬಗ್ಗೆ ನಾನು ತುಂಬ ಯೋಚನೆ ಮಾಡಿದೀನಿ. 10 ಡಾಲರ್‌ಗೆ ಕೊಂಡವನಿಗೆ 26 ಸೆಂಟ್ ಎಷ್ಟು ಅಗ್ಗ ಕಾಣಬೇಕು! ನಾವು ಆವರೇಜ್ ಮಾಡೋದು ಅಂತೀವಲ್ಲ, ಅದೇ. 2015ರ ಆಗಸ್ಟ್‌ನಲ್ಲಿ ಜಪಾನ್‌ನ ಸೆಂಡಾಯ್ ರಿಯಾಕ್ಟರ್ ಮತ್ತೆ ಶುರುವಾಯ್ತು. ಚೀನಾ ಹೊಸದಾಗಿ ಕಟ್ತಾನೇ ಇತ್ತು. ಇಷ್ಟು ಕಾದಾಯ್ತು, ಇನ್ನೊಂದು ವರ್ಷ ಅಂತ ಅನ್ನಿಸದೇ ಇರುತ್ತಾ? ನನಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಹೇಳ್ತಿದೀನಿ. ನಾನೂ ಮೂರು ಸಲ ಆವರೇಜ್ ಮಾಡಿದ್ದೆ.

2016ರ ಕೊನೆಗೆ ಯುರೇನಿಯಂ 18 ಡಾಲರ್ ಆಸುಪಾಸಿಗೆ ಬಿತ್ತು. 2017ರಲ್ಲಿ ಒಂದು ಕಡೆ ಬಾಂಡ್ ಗಡುವು, ಇನ್ನೊಂದು ಕಡೆ ಬಡ್ಡಿ ಸೇರಿ ಸುಮಾರು 27.7 ಕೋಟಿ ಡಾಲರ್ ಆಗಿದ್ದ ಇಡಿಎಫ್ ಬಾಕಿ. ಇಡಿಎಫ್ ಕಾಲಾವಕಾಶ ಕೊಡೋಕೆ ಒಪ್ಪಲಿಲ್ಲ. 2017ರ ಜುಲೈ 3ರಂದು ಪಲಾಡಿನ್ ತನ್ನನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಿತು. ಅಷ್ಟರಲ್ಲಿ ಷೇರು ವಹಿವಾಟು ನಿಂತೇ ಹೋಗಿತ್ತು. ಕೊನೆಯ ಬೆಲೆ 5 ಸೆಂಟ್‌ಗಿಂತ ಕಮ್ಮಿ.

2018ರ ಶುರುವಿನಲ್ಲಿ ನ್ಯೂ ಸೌತ್ ವೇಲ್ಸ್ ಸುಪ್ರೀಂ ಕೋರ್ಟ್ ಒಪ್ಪಿಗೆಯೊಂದಿಗೆ ಪರಿಹಾರ ಬಂತು. ಪ್ರತಿ ಷೇರುದಾರನ ಶೇ. 98 ಷೇರುಗಳು ಸಾಲಗಾರರಿಗೆ ಮತ್ತು ಹೊಸ ಹಣ ತಂದವರಿಗೆ. ಹಳಬರಿಗೆ ಉಳಿದದ್ದು ಶೇ. 2. ಇದು ಅನ್ಯಾಯವಾ? ಕಾನೂನಿನ ಲೆಕ್ಕ ಬೇರೆ. ಕಂಪನಿಯನ್ನು ಮುಚ್ಚಿ ಮಾರಿದ್ರೆ ಷೇರುದಾರನಿಗೆ ಏನಾದ್ರೂ ಸಿಗುತ್ತಿತ್ತಾ ಅನ್ನೋದಷ್ಟೇ ಕೋರ್ಟ್ ಮುಂದಿದ್ದ ಮುಖ್ಯ ಪ್ರಶ್ನೆ. ಬೆಲೆ 20 ಡಾಲರ್ ಅಂಚಿನಲ್ಲಿದ್ದಾಗ ಲೆಕ್ಕ ಹಾಕಿದ್ರೆ ಉತ್ತರ ಸೊನ್ನೆ. ಸಾಲ ಕೊಟ್ಟವರು ಮೊದಲು, ಷೇರುದಾರ ಕೊನೆಗೆ. ಇದನ್ನ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಅರ್ಥ ಆಗಿದ್ದು ನನ್ನ ಡಿಮ್ಯಾಟ್ ಖಾತೆ ನೋಡಿದಾಗ.

ಕಥೆ ಇಲ್ಲಿಗೆ ಮುಗಿದಿದ್ರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ. ಯುರೇನಿಯಂ ಮತ್ತೆ ಏರಿತು! 2024ರ ಜನವರಿಯಲ್ಲಿ 100 ಡಾಲರ್ ದಾಟಿತು. ಆ ವರ್ಷದ ಮಾರ್ಚ್‌ನಲ್ಲಿ ಲ್ಯಾಂಗರ್ ಹೈನ್ರಿಕ್ ಗಣಿ ಮತ್ತೆ ಉತ್ಪಾದನೆ ಶುರು ಮಾಡಿತು. ಏಪ್ರಿಲ್‌ನಲ್ಲಿ ಕಂಪನಿ ಹತ್ತು ಷೇರುಗಳನ್ನು ಸೇರಿಸಿ ಒಂದು ಮಾಡಿತು, ಮೇ ತಿಂಗಳಲ್ಲಿ ಆ ಹೊಸ ಷೇರು 15 ಆಸ್ಟ್ರೇಲಿಯನ್ ಡಾಲರ್ ದಾಟಿತು. ಹೂಡಿಕೆದಾರರು 2007ರಲ್ಲಿ ಏನು ನಂಬಿದ್ರೋ ಅದೆಲ್ಲ ನಿಜವಾಯ್ತು. ಹದಿನೇಳು ವರ್ಷ ತಡವಾಗಿ.

ಈಗ ಪೆನ್ನು ಹಿಡ್ಕೊಳ್ಳಿ. 2007ರಲ್ಲಿ ಒಬ್ಬ 10 ಡಾಲರ್‌ನಂತೆ 1,000 ಷೇರು ಕೊಂಡ ಅಂತಿಟ್ಟುಕೊಳ್ಳಿ. ಹಾಕಿದ್ದು 10,000 ಡಾಲರ್. 2018ರಲ್ಲಿ ಅವನಿಗೆ ಉಳಿದದ್ದು 20 ಷೇರು. 2024ರಲ್ಲಿ ಹತ್ತಕ್ಕೆ ಒಂದಾದ ಮೇಲೆ 2 ಷೇರು. 15 ಡಾಲರ್‌ನಂತೆ 30 ಡಾಲರ್. ಇನ್ನೊಬ್ಬ 2003ರಲ್ಲಿ 1 ಸೆಂಟ್‌ನಂತೆ ಅದೇ 1,000 ಷೇರು ಕೊಂಡು ಮಾರದೆ ಇಟ್ಟುಕೊಂಡಿದ್ದ ಅನ್ನಿ. ಹಾಕಿದ್ದು 10 ಡಾಲರ್, ಕೈಗೆ ಬಂದದ್ದು ಅದೇ 30. ಇಬ್ಬರೂ ಯುರೇನಿಯಂ ಬಗ್ಗೆ ಸರಿಯಾಗಿಯೇ ಯೋಚಿಸಿದ್ರು. 2018ರ ನಂತರ ಕೊಂಡವರಿಗೆ ಲಾಭ ಆಯ್ತು, ಯಾಕಂದ್ರೆ ಎಡಗಡೆಯ ಹಳೇ ಸಾಲವನ್ನ ಮೊದಲಿನವರು ತಮ್ಮ ಷೇರು ಕೊಟ್ಟು ತೀರಿಸಿ ಹೋಗಿದ್ದರು.

ನನ್ನ ಪ್ರಶ್ನೆಗೆ ಉತ್ತರ ಇದೇ ಅನ್ಸುತ್ತೆ. ನಾನು ಸರಕಿನ ಬೆಲೆ ನೋಡ್ತಾ ಕೂತಿದ್ದೆ. ಆದ್ರೆ ನನ್ನ ಕೈಯಲ್ಲಿದ್ದದ್ದು ಸರಕಲ್ಲ, ಕಂಪನಿಯ ಷೇರು. ಸರಕು ಎಷ್ಟು ವರ್ಷ ಬೇಕಾದ್ರೂ ಕಾಯುತ್ತೆ, ಭೂಮಿಯೊಳಗೆ ಅದಕ್ಕೇನು ಬಡ್ಡಿ ಕಟ್ಟೋದಿಲ್ಲ. ಕಂಪನಿಗೆ ಗಡುವು ಇರುತ್ತೆ. ಈಗ ನಾನು ಯಾವ ಷೇರು ನೋಡಿದ್ರೂ ಮೊದಲು ಕೇಳೋದು ಎರಡೇ: ಇವರು ಯಾರಿಗೆ ಎಷ್ಟು ಕೊಡಬೇಕು, ಯಾವ ದಿನ ಕೊಡಬೇಕು? ಎರಡೂ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲೇ ಇರುತ್ತೆ, ಕೊನೇ ಪುಟಗಳಲ್ಲಿ. ನಾನು ಅಲ್ಲಿವರೆಗೆ ಓದಿರಲಿಲ್ಲ, ಅಷ್ಟೇ.

ಬೋರ್ಶಾಫ್ 2015ರಲ್ಲೇ ಪಲಾಡಿನ್ ಬಿಟ್ಟಿದ್ದರು. ಮರುವರ್ಷ ಡೀಪ್ ಯೆಲ್ಲೋ ಅನ್ನೋ ಇನ್ನೊಂದು ಯುರೇನಿಯಂ ಕಂಪನಿ ಸೇರಿದರು. ಅದಕ್ಕೂ ನಮೀಬಿಯಾದಲ್ಲೇ ನಿಕ್ಷೇಪ, ಅದಕ್ಕೂ ಸಣ್ಣ ಹೂಡಿಕೆದಾರರು ಇದ್ದಾರೆ.

ಇದು ಹೂಡಿಕೆ ಸಲಹೆ ಅಲ್ಲ, ನನ್ನಂಥವನ ಸಲಹೆ ಯಾಕೆ ಕೇಳಬಾರದು ಅಂತ ಈಗಾಗಲೇ ಗೊತ್ತಾಗಿರಬೇಕು. ನಿಮ್ಮ ಖಾತೆಯಲ್ಲೂ ಇಂಥದ್ದೊಂದು ಸೊನ್ನೆ ಇದ್ರೆ, ಅದರ ಕಥೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.